ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್ ನೋಡುವ ಬಗೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರ ಕಣ್ಣು ಮೊದಲು ಹೋಗುವುದು ಓಡೊಮೀಟರ್ ಕಡೆಗೆ. ಆಮೇಲಿನ ಪ್ರಶ್ನೆ, ಯಾವ ವರ್ಷದ್ದು ಅಂತ. ಕಡಿಮೆ ಓಡಿರಬೇಕು, ಆದಷ್ಟು ಹೊಸದಿರಬೇಕು, ಅಲ್ವಾ? ಎಂಜಿನ್ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ಕೈಕೊಡುತ್ತದೆ. ಹಳೇ ಎಂಜಿನ್ ಅಸಡ್ಡೆಯನ್ನು ಒಂದಷ್ಟು ಕಾಲ ತಾಳಿಕೊಳ್ಳುತ್ತದೆ. ಹೊಸದಕ್ಕೆ ಆ ತಾಳ್ಮೆ ಕಡಿಮೆ.

ಹದಿನೈದಿಪ್ಪತ್ತು ವರ್ಷ ಹಿಂದಿನ ಸಾಧಾರಣ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ, ಇರುವುದಿಲ್ಲ. ಇಂಜೆಕ್ಟರ್ ಕೂತಿರುವುದು ಪೆಟ್ರೋಲ್ ಉರಿಯುವ ಸಿಲಿಂಡರಿನ ಹೊರಗೆ, ಗಾಳಿ ಒಳಬರುವ ದಾರಿಯಲ್ಲಿ. ಸುಮಾರು 3-4 ಬಾರ್ ಒತ್ತಡದಲ್ಲಿ ಅದು ಪೆಟ್ರೋಲ್ ಸಿಂಪಡಿಸುತ್ತದೆ. ಆ ಪೆಟ್ರೋಲ್ ಗಾಳಿಯನ್ನು ಒಳಬಿಡುವ ವಾಲ್ವಿನ ಬೆನ್ನಿಗೆ ಬಡಿದು ಅಲ್ಲಿನ ಕೊಳೆಯನ್ನೂ ತೊಳೆಯುತ್ತದೆ.

ಈಗಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಬೀಳುತ್ತದೆ. ಒತ್ತಡ 200 ಬಾರ್, ಕೆಲವದರಲ್ಲಿ ಇನ್ನೂ ಜಾಸ್ತಿ. ಆವಿಯಾಗುವಾಗ ಪೆಟ್ರೋಲ್ ಒಳಗಿನ ಶಾಖ ಹೀರುವುದರಿಂದ ಗಾಳಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಬಹುದು. ಮೈಲೇಜೂ ಸಿಗುತ್ತದೆ, ಶಕ್ತಿಯೂ ಸಿಗುತ್ತದೆ. ಆದರೆ ವಾಲ್ವಿಗೆ ಸ್ನಾನ ತಪ್ಪಿತು. ಎಂಜಿನ್ನಿನೊಳಗಿನ ಆಯಿಲ್ ಆವಿ ಅದರ ಮೇಲೆ ಕೂತು, ಬೆಂದು, ಕಪ್ಪು ಇಂಗಾಲದ ಪದರವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುವುದು, ಪಿಕಪ್ ಕುಗ್ಗುವುದು ಇದರ ಲಕ್ಷಣ. ಟೊಯೊಟಾ ತನ್ನ ಕೆಲವು ಎಂಜಿನ್‌ಗಳಲ್ಲಿ ಎರಡೂ ಬಗೆಯ ಇಂಜೆಕ್ಟರ್ ಇಟ್ಟಿದೆ. ನನಗೆ ತುಂಬಾ ಹಿಡಿಸಿದ ಪರಿಹಾರ ಅದು.

ಟರ್ಬೊದ ಕಥೆ ಇನ್ನೂ ಸೂಕ್ಷ್ಮ. 1 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಇವತ್ತು ಟರ್ಬೊ ಇಲ್ಲದ ಹಳೇ 1.6 ಲೀಟರ್ ಎಂಜಿನ್ನಿನಷ್ಟು ಶಕ್ತಿ ಕೊಡುತ್ತದೆ. ಅದಕ್ಕಾಗಿ ಟರ್ಬೊದ ಪುಟ್ಟ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ತಿರುಗಬಹುದು. ಅದನ್ನು ಹೊತ್ತಿರುವುದು ತೆಳುವಾದ ಆಯಿಲ್ ಪದರ, ಅಷ್ಟೇ. ಪಕ್ಕದಲ್ಲೇ ಕೆಂಡದಂಥ ಹೊಗೆ ಹರಿಯುತ್ತಿರುತ್ತದೆ. ಆಯಿಲ್ ಹಳತಾದರೆ ಅದು ಸುಟ್ಟು ಗಟ್ಟಿಯಾಗಿ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಆಮೇಲೆ ಬೇರಿಂಗ್ ಉಳಿಯುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕಡಿಮೆ ವೇಗದಲ್ಲಿ ದೊಡ್ಡ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ, ಸಿಲಿಂಡರಿನಲ್ಲಿ ಸಿಡಿದ ಆಯಿಲ್ ಹನಿಯಿಂದ ಸ್ಪಾರ್ಕ್ ಬರುವ ಮೊದಲೇ ಬೆಂಕಿ ಹತ್ತಬಹುದು. ಪಿಸ್ಟನ್ ಸೀಳುವಷ್ಟು ಜೋರಾದ ಹೊಡೆತ ಅದು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಆಯಿಲ್‌ಗೆ ಕೊಡುವ ದರ್ಜೆಗಳಲ್ಲಿ 2020ರಲ್ಲಿ ಬಂದ ಎಸ್‌ಪಿ ದರ್ಜೆಯ ಆಯಿಲ್ ಇದನ್ನು ತಡೆಯುವ ಪರೀಕ್ಷೆ ಪಾಸಾಗಿರಬೇಕು.

ಹಾಗಂತ ಹಳೆಯದೆಲ್ಲ ಚಿನ್ನವಲ್ಲ. ರಬ್ಬರ್ ಪೈಪು, ಸೀಲು, ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಕಾರು ಸುಮ್ನೆ ನಿಂತಿದ್ದರೂ ಹಾಳಾಗುತ್ತವೆ. ಪೆಟ್ರೋಲ್ ಖರ್ಚು, ಹೊಗೆ ಎರಡೂ ಜಾಸ್ತಿ.

ಹೊಸ ಡೀಸೆಲ್ ಆದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತಾನಾಗಿ ಸುಟ್ಟುಹೋಗಲು ಅದರೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮನೆಯಿಂದ ಆಫೀಸಿಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿದ ಕಾರಿನಲ್ಲಿ ಆ ಬಿಸಿ ಬರುವುದೇ ಇಲ್ಲ. ಹೆದ್ದಾರಿಯಲ್ಲಿ ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್, 30 ಸಾವಿರ ಓಡಿದ ಇಂಥ ಕಾರಿಗಿಂತ ಗಟ್ಟಿಯಾಗಿರಬಹುದು.

ಕಾರು ನೋಡಲು ಹೋಗುವಾಗ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದರೆ ಆಯಿಲ್ ಮುಚ್ಚಳ ಬಿಚ್ಚಿ ಒಳಮೈ ಗಮನಿಸಿ. ಜೇನಿನ ಬಣ್ಣದ ತೆಳು ಲೇಪವಿದ್ದರೆ ಚಿಂತೆಯಿಲ್ಲ. ಬೆರಳಿಗೆ ಅಂಟುವ ಕಪ್ಪು ಮಡ್ಡಿ ಇದ್ದರೆ ಆಯಿಲ್ ಬದಲಾಯಿಸದೆ ಓಡಿಸಿದ್ದಾರೆ ಎಂದು ತಿಳಿಯಿರಿ. ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಗರಗರ ಸದ್ದು ಬಂದರೆ ಟೈಮಿಂಗ್ ಚೈನ್ (ಕೆಲವು ಎಂಜಿನ್‌ಗಳಲ್ಲಿ ಬೆಲ್ಟಿನ ಬದಲು ಇರುವುದು) ಸಡಿಲವಾಗಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಸರ್ವಿಸ್ ಬಿಲ್ಲಿನಲ್ಲಿ ತಾರೀಖು, ಕಿಲೋಮೀಟರ್, ಆಯಿಲ್ ದರ್ಜೆ ಮೂರನ್ನೂ ಓದಿ. ಟರ್ಬೊ ಕಾರಿಗೆ ಈ ಬಿಲ್ಲುಗಳೇ ಇಲ್ಲದಿದ್ದರೆ ನಾನಂತೂ ಮುಂದಿನ ಕಾರು ನೋಡುತ್ತೇನೆ.

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸುವುದಾದರೆ ಎರರ್ ಕೋಡ್ (ದೋಷದ ಗುರುತು) ಇಲ್ಲ ಎಂದಷ್ಟಕ್ಕೇ ನಂಬಬೇಡಿ. ಕೋಡ್ ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳೂ ಮೊದಲಿಂದ ಶುರುವಾಗುತ್ತವೆ. ಹಲವು ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದು ಸ್ಕ್ಯಾನರ್ ತೋರಿಸಿದರೆ, ಈಚೆಗೆ ಕೋಡ್ ಅಳಿಸಿದ್ದೀರಾ, ಇಲ್ಲವೇ ಬ್ಯಾಟರಿ ಬಿಚ್ಚಿದ್ದೀರಾ ಎಂದು ನೇರವಾಗಿ ಕೇಳಿ.