ಮರಳಿನ ಸಂದಿಯಲ್ಲಿ ಒಂದು ಮೈಕ್ರಾನ್ ಕಣ

ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಮೊದಲು ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಲ್ಲಿ ಮರಳಿನ ಹಾಸನ್ನು ದಾಟಿ ಬರುತ್ತದೆ. ಮರಳು ಸೋಸುತ್ತದೆ ಎಂದ ಕೂಡಲೇ ನಮಗೆ ನೆನಪಾಗುವುದು ಜರಡಿ. ಸಂದಿಗಿಂತ ದೊಡ್ಡದು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಇಳಿಯುತ್ತದೆ. ಅಷ್ಟೇ ಅಲ್ವಾ?

ಅಳತೆ ಹಾಕಿ ನೋಡಿದರೆ ಈ ಲೆಕ್ಕ ಕೂಡುವುದಿಲ್ಲ. ಫಿಲ್ಟರಿನ ಮರಳಿನ ಹರಳು ಸುಮಾರು 0.6 ಮಿಲಿಮೀಟರ್ ಇದೆ ಎನ್ನಿ. ಮೂರು ಹರಳುಗಳು ಒತ್ತಾಗಿ ಕೂತರೂ ನಡುವೆ 90 ಮೈಕ್ರಾನ್‌ನಷ್ಟು ಸಂದು ಉಳಿಯುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬ್ಯಾಕ್ಟೀರಿಯದ ಗಾತ್ರ ಹೆಚ್ಚುಕಮ್ಮಿ ಒಂದು ಮೈಕ್ರಾನ್. ತೊಂಬತ್ತು ಬ್ಯಾಕ್ಟೀರಿಯಗಳು ಅಕ್ಕಪಕ್ಕ ನಿಂತು ಒಟ್ಟಿಗೇ ದಾಟಿ ಹೋಗಬಹುದು! ಆದರೂ ಅವುಗಳಲ್ಲಿ ಹೆಚ್ಚಿನವು ಮರಳಿನಲ್ಲೇ ಸಿಕ್ಕಿಬೀಳುತ್ತವೆ. ಹೇಗೆ?

1971ರಲ್ಲಿ ಯಾವೊ, ಹಬೀಬಿಯನ್ ಮತ್ತು ಓಮೆಲಿಯಾ ಎಂಬ ಮೂವರು ಸಂಶೋಧಕರು ಈ ಪ್ರಶ್ನೆಗೆ ಒಂದು ಸರಳ ದಾರಿ ಹಿಡಿದರು. ಇಡೀ ಹಾಸನ್ನು ಬಿಟ್ಟು ಒಂದೇ ಒಂದು ಹರಳನ್ನು ನೋಡಿದರು. ಅದು ದುಂಡಗಿದೆ ಎಂದು ಇಟ್ಟುಕೊಂಡರು. ನೀರು ಅದರ ಮೇಲಿನಿಂದ ಬಂದು, ಎರಡೂ ಬದಿಗೆ ಸೀಳಿ, ಬಳಸಿಕೊಂಡು ಕೆಳಗೆ ಹೋಗುತ್ತದೆ. ನೀರಿನ ಜೊತೆ ಸುಮ್ನೆ ತೇಲಿಕೊಂಡು ಬಂದ ಕಣ ಹರಳನ್ನು ಮುಟ್ಟಬೇಕಾದರೆ ನೀರಿನ ದಾರಿಯಿಂದ ಒಂಚೂರು ತಪ್ಪಬೇಕು, ಇಲ್ಲವೇ ಆ ದಾರಿಯೇ ಹರಳಿಗೆ ತೀರಾ ಹತ್ತಿರ ಹಾದುಹೋಗಬೇಕು.

ಇದು ಮೂರು ರೀತಿಯಲ್ಲಿ ಆಗುತ್ತದೆ. ತುಂಬ ಸಣ್ಣ ಕಣವನ್ನು ನೀರಿನ ಅಣುಗಳು ಎಲ್ಲ ಕಡೆಯಿಂದ ತಳ್ಳಾಡುತ್ತವೆ. ಅದು ಅಡ್ಡಾದಿಡ್ಡಿ ಅಲೆದಾಡಿ ಹರಳಿಗೆ ಬಡಿಯುತ್ತದೆ. ಈ ಅಲೆದಾಟದ ಗಣಿತವನ್ನು ಐನ್‌ಸ್ಟೈನ್ 1905ರಲ್ಲೇ ಬರೆದಿದ್ದರು. ದೊಡ್ಡ ಕಣ ತನ್ನ ಭಾರಕ್ಕೆ ಕೆಳಗಿಳಿದು ಹರಳಿನ ಮೇಲೆ ಕೂರುತ್ತದೆ. ಇಲ್ಲವೇ ಮೈ ದಪ್ಪಗಿರುವುದರಿಂದಲೇ, ಪಕ್ಕದಲ್ಲಿ ಹಾದುಹೋಗುವಾಗ ಹರಳಿಗೆ ಸವರಿಕೊಳ್ಳುತ್ತದೆ.

ಈಗ ಬಂತು ನೋಡಿ, ನನಗೆ ತುಂಬ ಇಷ್ಟವಾದ ಭಾಗ. ಸಣ್ಣದು ಅಲೆದಾಡಿ ಸಿಗುತ್ತದೆ, ದೊಡ್ಡದು ಭಾರಕ್ಕೋ ಮೈಗೋ ಸಿಗುತ್ತದೆ. ನಡುವಿನದು? ಅದಕ್ಕೆ ಅಲೆದಾಟವೂ ಕಮ್ಮಿ, ಭಾರವೂ ಕಮ್ಮಿ. ಹಾಗಾಗಿ ಮರಳಿನ ಕೈಗೆ ಎಲ್ಲಕ್ಕಿಂತ ಕಷ್ಟದಲ್ಲಿ ಸಿಗುವುದು ಸುಮಾರು ಒಂದು ಮೈಕ್ರಾನ್‌ನ ಕಣ. ಅದಕ್ಕಿಂತ ಎಷ್ಟೋ ಸಣ್ಣದಾದ ವೈರಸ್ ಹರಳಿಗೆ ಬಡಿಯುವ ಸಾಧ್ಯತೆಯೇ ಜಾಸ್ತಿ. ಜರಡಿಯ ಲೆಕ್ಕದಲ್ಲಿ ಇದು ತಲೆಕೆಳಗು.

ಒಂದು ಹರಳಿನ ಲೆಕ್ಕದಿಂದ ಇಡೀ ಹಾಸಿನ ಲೆಕ್ಕಕ್ಕೆ ಹೋಗುವುದು ಸುಲಭ. 60 ಸೆಂಟಿಮೀಟರ್ ಆಳದ ಹಾಸು ಅಂದರೆ ಸಾವಿರ ಹರಳುಗಳಷ್ಟು ಆಳ. ಒಂದು ಹರಳಿಗೆ ಎದುರಾಗಿ ಬರುವ ಸಾವಿರ ಕಣಗಳಲ್ಲಿ ಬರೀ ಐದು ಅದನ್ನು ಮುಟ್ಟುತ್ತವೆ, ಮುಟ್ಟಿದ್ದೆಲ್ಲ ಅಂಟುತ್ತದೆ ಎಂದಿಟ್ಟುಕೊಳ್ಳಿ. ಹಾಸಿನ ಶೇ. 40ರಷ್ಟು ಜಾಗ ಖಾಲಿ ಸಂದು. ಇದನ್ನೆಲ್ಲ ಆ ಮೂವರ ಸೂತ್ರಕ್ಕೆ ಹಾಕಿದರೆ ಕೆಳಗೆ ತಲುಪುವುದು ನೂರಕ್ಕೆ ಒಂದು ಕಣ. ಐದರ ಬದಲು ಒಂದೇ ಮುಟ್ಟಿದರೆ ನೂರಕ್ಕೆ 41 ಪಾರಾಗುತ್ತವೆ.

ಆದರೆ ಮುಟ್ಟಿದ್ದೆಲ್ಲ ಅಂಟುವುದಿಲ್ಲ. ನೀರಿನಲ್ಲಿ ಮರಳಿನ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತದೆ. ಜೇಡಿಗೂ ಅದೇ, ಬ್ಯಾಕ್ಟೀರಿಯಕ್ಕೂ ಸಾಮಾನ್ಯವಾಗಿ ಅದೇ. ಹತ್ತಿರ ಬಂದಷ್ಟೂ ಒಂದನ್ನೊಂದು ದೂರ ತಳ್ಳುತ್ತವೆ. ಮುಟ್ಟುವಷ್ಟು ಹತ್ತಿರ ಬಂದ ನೂರರಲ್ಲಿ ಒಂದೇ ಅಂಟುತ್ತದೆ ಎಂದಾದರೆ, ಸಾವಿರಕ್ಕೆ ಐದು ಮುಟ್ಟುವ ಮೇಲಿನ ಅದೇ ಹಾಸಿನಿಂದ ನೂರಕ್ಕೆ 96 ಕಣಗಳು ಆರಾಮಾಗಿ ಹೊರಗೆ! ಮರಳು ಅದೇ, ಆಳ ಅದೇ. ಫಿಲ್ಟರಿಗೆ ಬಿಡುವ ಮೊದಲು ನೀರಿಗೆ ಆಲಂ, ಅಂದರೆ ಪಟಿಕ, ಹಾಕುವುದು ಇದಕ್ಕೇ. ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ. ಉಳಿದ ಸಣ್ಣವೂ ವಿದ್ಯುದಂಶ ಕಳೆದುಕೊಂಡು ಮರಳಿಗೆ ಅಂಟಲು ತಯಾರಾಗುತ್ತವೆ. ಫಿಲ್ಟರ್ ಕೆಟ್ಟಿದೆ ಎಂದು ಮರಳು ಬದಲಿಸುವ ಮೊದಲು ಆಲಂ ಪ್ರಮಾಣ ನೋಡಿ ಎನ್ನುವುದು ಸುಮ್ನೆ ಹೇಳುವ ಮಾತಲ್ಲ.

1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಜನ ಹೊಟ್ಟೆ ಕೆಟ್ಟು ಮಲಗಿದರು ಎಂಬ ಅಂದಾಜಿದೆ. ಕಾರಣ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಜೀವಿ. ಅದರ ಗಟ್ಟಿ ಚಿಪ್ಪಿನ ಮೊಟ್ಟೆಯಂಥ ರೂಪ 4ರಿಂದ 6 ಮೈಕ್ರಾನ್ ಇರುತ್ತದೆ. ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ, ಆದ್ದರಿಂದ ಮರಳಿನಲ್ಲೇ ಹಿಡಿಯಬೇಕು. ಆ ದಿನಗಳಲ್ಲಿ ಅಲ್ಲಿನ ಒಂದು ಘಟಕದಿಂದ ಫಿಲ್ಟರ್ ಆಗಿ ಹೊರಟ ನೀರಿನಲ್ಲೇ ಬಗ್ಗಡ ಏರಿತ್ತು.

ಒಂದೇ ಹರಳಿನಿಂದ ಲೆಕ್ಕ ಹಾಕುವ ಈ ಮಾದರಿಗೂ ಮಿತಿಗಳಿವೆ. ಅದು ಹರಳನ್ನು ಶುಭ್ರ ಎಂದುಕೊಳ್ಳುತ್ತದೆ. ನಿಜದಲ್ಲಿ ಅಂಟಿಕೊಂಡ ಕಣಗಳೇ ಮುಂದೆ ಬರುವ ಕಣಗಳನ್ನು ಹಿಡಿಯುತ್ತವೆ. ಹಾಗಾಗಿ ಆಗಷ್ಟೇ ತೊಳೆದ ಫಿಲ್ಟರ್ ಸ್ವಲ್ಪ ಹೊತ್ತು ಕಳಪೆಯಾಗಿ ಸೋಸುತ್ತದೆ, ಎಷ್ಟೋ ಕಡೆ ಆ ಮೊದಲ ನೀರನ್ನು ಹೊರಗೆ ಬಿಟ್ಟುಬಿಡುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪ್ರತಿ ಪದರವೂ ತನಗೆ ಬಂದ ಕಣಗಳಲ್ಲಿ ಅಷ್ಟೇ ಪಾಲನ್ನು ಹಿಡಿಯುತ್ತದೆ ಎನ್ನುತ್ತದೆ ಸೂತ್ರ. ಕಣ ಮತ್ತು ಮರಳು ಒಂದನ್ನೊಂದು ತಳ್ಳುವ ನೀರಿನಲ್ಲಿ ಪ್ರಯೋಗ ಮಾಡಿ, ಮರಳು ತುಂಬಿದ ಕೊಳವೆಯನ್ನು ಪದರ ಪದರವಾಗಿ ಬಿಡಿಸಿ ಎಣಿಸಿದಾಗ ಬೇರೆಯದೇ ಕಂಡಿದೆ. ಮೇಲೆ ನಿರೀಕ್ಷೆಗಿಂತ ಜಾಸ್ತಿ ಸಿಕ್ಕಿಬಿದ್ದಿರುತ್ತವೆ, ಕೆಲವು ಮಾತ್ರ ನಿರೀಕ್ಷೆಗಿಂತ ತುಂಬ ಆಳಕ್ಕೆ ಹೋಗಿರುತ್ತವೆ. ಒಂದೇ ಜಾತಿಯ ಬ್ಯಾಕ್ಟೀರಿಯದಲ್ಲೂ ಕೆಲವು ಜಿಗುಟು, ಕೆಲವು ಅಲ್ಲ. ಶೌಚದ ಗುಂಡಿಯಿಂದ ಬಾವಿ ಎಷ್ಟು ದೂರ ಇರಬೇಕು ಎಂದು ಅಂದಾಜಿಸಲು ಇಂಥ ಸೂತ್ರಗಳನ್ನೇ ಬಳಸುತ್ತಾರೆ. ನೆಲದೊಳಗೆ ಆಲಂ ಹಾಕುವವರು ಯಾರೂ ಇಲ್ಲ. ಅಲ್ಲಿ ಲೆಕ್ಕ ತಪ್ಪಿಸುವುದು ಅಂಟದೆ ಆಳಕ್ಕೆ ಹೋಗುವ ಆ ಕೆಲವೇ ಕಣಗಳು.