ಡಿಸೆಂಬರ್ 8 ಯಾರ ದಿನ?

ನನ್ನ ತಂಗಿಯ ಮಗಳು ಹುಟ್ಟಿದ್ದು ಡಿಸೆಂಬರ್ 8ರಂದು. ಈಗ ಒಂಬತ್ತನೇ ಕ್ಲಾಸು. ಗಿಟಾರ್ ಕಲಿಯುತ್ತಿದ್ದಾಳೆ. ಕಳೆದ ಹುಟ್ಟುಹಬ್ಬದ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಪಟ್ಟಿ ಹಾಕಿದರು. 1980ರ ಡಿಸೆಂಬರ್ 8: ಬೀಟಲ್ಸ್‌ನ ಜಾನ್ ಲೆನನ್ ಅವರಿಗೆ ನ್ಯೂಯಾರ್ಕಿನ ಮನೆಯ ಮುಂದೆಯೇ ಗುಂಡೇಟು. 2004ರ ಡಿಸೆಂಬರ್ 8: ಪ್ಯಾಂಟೆರಾ ಬ್ಯಾಂಡಿನ ಗಿಟಾರ್ ವಾದಕ ಡೈಮ್‌ಬ್ಯಾಗ್ ಡ್ಯಾರೆಲ್ ಅವರಿಗೆ ಒಹಾಯೊದ ಕೊಲಂಬಸ್‌ನಲ್ಲಿ ವೇದಿಕೆಯ ಮೇಲೇ ಗುಂಡೇಟು. 1943ರ ಡಿಸೆಂಬರ್ 8: ದಿ ಡೋರ್ಸ್‌ನ ಜಿಮ್ ಮಾರಿಸನ್ ಹುಟ್ಟಿದ ದಿನ, ಅವರು ಬದುಕಿದ್ದು 27 ವರ್ಷ ಮಾತ್ರ. ಪಟ್ಟಿಯ ಕೊನೆಗೆ ಒಂದು ಸಾಲು: 8 ಶನಿಯ ಸಂಖ್ಯೆ, ಸಂಗೀತದವರಿಗೆ ಈ ದಿನ ಆಗಿಬರುವುದಿಲ್ಲ.

ಹುಡುಗಿ ಸಂಜೆ ಫೋನ್ ಮಾಡಿದಳು. "ಮಾಮ, ಇದು ನಿಜಾನಾ? ನಾನು ಗಿಟಾರ್ ಬಿಟ್ಟುಬಿಡಬೇಕಾ?"

ಹೊಟ್ಟೆ ಕಿವುಚಿದ ಹಾಗಾಯಿತು. ಗಾಡಿ ನಂಬರ್ ಕೂಡಿದರೆ 8 ಬರಬಾರದು ಎಂದು ಆರ್‌ಟಿಒ ಕಚೇರಿಗೆ ಅಲೆಯುವವರನ್ನು ನೋಡಿದ್ದೇನೆ. ಅದರಿಂದ ಹೋಗುವುದು ದುಡ್ಡು ಮಾತ್ರ. ಮಕ್ಕಳ ತಲೆಯೊಳಗೆ ಇಂಥ ಭಯ ಬಿತ್ತಿದರೆ ಅದನ್ನು ಕೀಳುವುದು ಕಷ್ಟ. ಅದಕ್ಕೇ ಅವತ್ತು ಅವಳಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗಡಿಯಾರದ ವಿಷಯ. ಲೆನನ್ ಅವರಿಗೆ ಗುಂಡು ತಗುಲಿದ್ದು ನ್ಯೂಯಾರ್ಕಿನ ರಾತ್ರಿ ಸುಮಾರು 10:50ಕ್ಕೆ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಅಂದರೆ ಆ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳಿಗ್ಗೆ 9:20. ದಿನಾಂಕ ಡಿಸೆಂಬರ್ 9. ಡ್ಯಾರೆಲ್ ಅವರ ಕೊಲೆ ನಡೆದದ್ದೂ ಅಲ್ಲಿನ ರಾತ್ರಿ 10 ಗಂಟೆ ದಾಟಿದ ಮೇಲೆ. ಅದೂ ನಮಗೆ 9ನೇ ತಾರೀಖು. ಲೆನನ್ ಅವರಿಗೆ ಗುಂಡು ತಗುಲಿದಾಗ ಅವರ ಹುಟ್ಟೂರು ಲಿವರ್‌ಪೂಲ್‌ನಲ್ಲಿ ಬೆಳಗಿನ ಜಾವ ಮೂರು ಮುಕ್ಕಾಲು ದಾಟಿತ್ತು. ಅಲ್ಲೂ 9ನೇ ತಾರೀಖೇ. ಶನಿ ನೋಡುವುದು ಯಾವ ಊರಿನ ಗಡಿಯಾರ?

ಇದರಲ್ಲಿ ಇನ್ನೊಂದು ಗಂಟಿದೆ. ಲೆನನ್ ಅವರಿಗೆ 9 ತನ್ನ ಸಂಖ್ಯೆ ಎಂಬ ನಂಬಿಕೆ ಇತ್ತು. ಅವರು ಹುಟ್ಟಿದ್ದು 1940ರ ಅಕ್ಟೋಬರ್ 9. ಮಗ ಶಾನ್ ಹುಟ್ಟಿದ್ದು 1975ರ ಅಕ್ಟೋಬರ್ 9. ಹಾಗಾಗಿ ಲಿವರ್‌ಪೂಲ್ ಗಡಿಯಾರ ಹಿಡಿದವರು "ನೋಡಿ, 9 ಕೊನೆಯವರೆಗೂ ಬಂತು" ಎನ್ನುತ್ತಾರೆ. ನ್ಯೂಯಾರ್ಕ್ ಗಡಿಯಾರ ಹಿಡಿದವರು "ನೋಡಿ, 8 ಬಲಿ ತಗೊಂಡಿತು" ಎನ್ನುತ್ತಾರೆ. ಒಂದೇ ಸಾವು, ಎರಡು ಸಂಖ್ಯೆ, ಎರಡಕ್ಕೂ ಪುರಾವೆ ಸಿಕ್ಕಿತು! ಏನೇ ನಡೆದರೂ ಗೆಲ್ಲುವ ಮಾತು ನಮಗೆ ಏನನ್ನೂ ತಿಳಿಸುವುದಿಲ್ಲ. ಅದರ ಮೇಲೆ ಸಂಖ್ಯಾಶಾಸ್ತ್ರದವರು 17ರ 1 ಮತ್ತು 7ನ್ನೂ, 26ರ 2 ಮತ್ತು 6ನ್ನೂ ಕೂಡಿ 8 ಮಾಡುತ್ತಾರೆ. ತಿಂಗಳಿಗೆ ಮೂರು ದಿನ, ವರ್ಷಕ್ಕೆ 36 ದಿನ. ಅಷ್ಟು ಅಗಲದ ಬಲೆ ಬೀಸಿದರೆ ಮೀನು ಬೀಳದೆ ಇರುತ್ತದೆಯೇ?

ಪಂಚಾಂಗಕ್ಕೆ ಬನ್ನಿ. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿಗೆ. ಪುರಂದರದಾಸರ ಪುಣ್ಯದಿನ ಪುಷ್ಯ ಅಮಾವಾಸ್ಯೆಗೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇವು ಪ್ರತಿ ವರ್ಷ ಜಾಗ ಬದಲಿಸುತ್ತವೆ, ಅಲ್ವಾ? ಆ ಪಟ್ಟಿಯ ಮೂರು ಡಿಸೆಂಬರ್ 8ಗಳನ್ನು ಚಂದ್ರನ ಲೆಕ್ಕಕ್ಕೆ ಹಾಕಿ ನೋಡಿದೆ. 1943ರದ್ದು ಹುಣ್ಣಿಮೆಗೆ ಕೆಲವೇ ದಿನ ಮುಂಚೆ. 1980ರದ್ದು ಅಮಾವಾಸ್ಯೆಯ ಮರುದಿನ. 2004ರದ್ದು ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ. ನಮ್ಮ ಅಜ್ಜಿಯ ಲೆಕ್ಕದಲ್ಲಿ ಇವು ಮೂರು ಬೇರೆ ಬೇರೆ ದಿನಗಳು. ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದ ಅವರಿಗೆ ಡಿಸೆಂಬರ್ ಎಂಬ ತಿಂಗಳೇ ಲೆಕ್ಕಕ್ಕಿರಲಿಲ್ಲ.

ಸರಿ, ಗಡಿಯಾರ ಬಿಡಿ, ಪಂಚಾಂಗವನ್ನೂ ಬಿಡಿ. "ಆದರೂ ಮೂವರು ಒಂದೇ ದಿನ ಹೇಗೆ?" ಎಂದು ಹುಡುಗಿ ಪಟ್ಟು ಬಿಡಲಿಲ್ಲ. ನನಗೆ ತುಂಬಾ ಇಷ್ಟದ ಗಣಿತ ಶುರುವಾಗುವುದೇ ಇಲ್ಲಿ.

ಅವಳ ಕ್ಲಾಸಿನಲ್ಲಿ 40 ಮಕ್ಕಳಿದ್ದಾರೆ. ಅವಳ ಹುಟ್ಟುಹಬ್ಬವೇ ಇನ್ನೊಬ್ಬರದ್ದೂ ಆಗಿರುವ ಸಾಧ್ಯತೆ ಎಷ್ಟು? ಸುಮಾರು 10ರಲ್ಲಿ 1. ಈಗ ಪ್ರಶ್ನೆಯನ್ನು ಚೂರು ಬದಲಿಸೋಣ. ಆ ಕ್ಲಾಸಿನಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಎಷ್ಟು? ಸುಮಾರು 10ರಲ್ಲಿ 9! ಅದೇ ಕ್ಲಾಸು, ಅದೇ ಮಕ್ಕಳು. "ನನಗೆ" ಎನ್ನುವುದು "ಯಾರಿಗಾದರೂ" ಎಂದು ಬದಲಾಯಿತು, ಅಷ್ಟೇ.

ಯಾಕೆ ಹೀಗೆ? ರಂಗೋಲಿ ಚುಕ್ಕಿ ನೆನಪಿಸಿಕೊಳ್ಳಿ. ಪ್ರತಿ ಚುಕ್ಕಿಯಿಂದ ಉಳಿದ ಎಲ್ಲ ಚುಕ್ಕಿಗೂ ಗೆರೆ ಎಳೆಯಬೇಕು ಎನ್ನಿ. 5 ಚುಕ್ಕಿಗೆ 10 ಗೆರೆ. 10 ಚುಕ್ಕಿಗೆ 45. 23 ಚುಕ್ಕಿಗೆ 253. 40 ಚುಕ್ಕಿಗೆ 780 ಗೆರೆ! ಚುಕ್ಕಿ ನಿಧಾನವಾಗಿ ಹೆಚ್ಚುತ್ತದೆ, ಗೆರೆಗಳು ಅಂಗಳ ಮೀರುತ್ತವೆ. ಕಾಕತಾಳೀಯ ಹುಟ್ಟುವುದು ಚುಕ್ಕಿಯಲ್ಲಿ ಅಲ್ಲ, ಗೆರೆಯಲ್ಲಿ. ಒಂದೊಂದು ಗೆರೆಯೂ "ಇವರಿಬ್ಬರದ್ದು ಒಂದೇ ದಿನವಾ?" ಎಂದು ಕೇಳುವ ಒಂದು ಪ್ರಶ್ನೆ. ಬೇರೆ ಥರ ಬೇಕಾದರೆ ಮದುವೆ ಮನೆ ನೋಡಿ. 40 ಜನ ಬಂದಿದ್ದಾರೆ, ಪ್ರತಿಯೊಬ್ಬರೂ ಉಳಿದವರಿಗೆಲ್ಲ ಕೈಮುಗಿದು ಮಾತಾಡಿಸಬೇಕು. ಬಂದವರು 40, ಭೇಟಿಗಳು 780. ಅಷ್ಟು ಭೇಟಿಗಳಲ್ಲಿ ಒಂದಾದರೂ "ಅರೆ, ನಿಮ್ಮದೂ ನಮ್ಮೂರೇನಾ?" ಎಂದು ಮುಗಿಯದಿದ್ದರೆ ಆಶ್ಚರ್ಯ. ಲಾಟರಿಯಂತೆಯೂ ನೋಡಬಹುದು. ಒಂದು ಟಿಕೆಟ್ ಹೊಡೆಯುವುದು 365ಕ್ಕೆ ಒಮ್ಮೆ. ನೀವು ಕೊಂಡದ್ದು 780 ಟಿಕೆಟ್ಟು.

23 ಜನ ಸೇರಿದರೆ ಸಾಕು, ಇಬ್ಬರ ಹುಟ್ಟುಹಬ್ಬ ಕೂಡುವ ಸಾಧ್ಯತೆ ಅರ್ಧಕ್ಕಿಂತ ಚೂರು ಜಾಸ್ತಿ. ಮನಸ್ಸು ಇದನ್ನು ಒಪ್ಪುವುದೇ ಇಲ್ಲ. 365ರ ಅರ್ಧ 183 ಜನ ಬೇಕು ಎಂದೇ ಅನ್ನಿಸುತ್ತದೆ. ಗಣಿತಜ್ಞ ರಿಚರ್ಡ್ ಫಾನ್ ಮೀಸಸ್ ಈ ಬಗೆಯ ಲೆಕ್ಕವನ್ನು 1939ರಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬರ್ಲಿನ್‌ನಲ್ಲಿ ದೊಡ್ಡ ಹೆಸರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ಯಹೂದಿ ಕುಟುಂಬದಲ್ಲಿ ಹುಟ್ಟಿದವರು ಎಂಬ ಕಾರಣಕ್ಕೆ ದೇಶ ಬಿಟ್ಟು ಟರ್ಕಿಗೆ ಹೋಗಬೇಕಾಯಿತು. ಹುಟ್ಟಿನ ಆಧಾರದ ಮೇಲೆ ಮನುಷ್ಯರ ಹಣೆಬರಹ ಬರೆಯುವವರಿಂದ ತಪ್ಪಿಸಿಕೊಂಡು ಹೋದವರು ಹುಟ್ಟುಹಬ್ಬದ ಲೆಕ್ಕ ಬಿಡಿಸಿಕೊಟ್ಟರು ಎಂಬುದು ನನ್ನ ಮನಸ್ಸಿನಲ್ಲಿ ಸದಾ ಉಳಿದಿದೆ.

ಈಗ ಸಂಗೀತಕ್ಕೆ ಬರೋಣ. ಪ್ರಪಂಚದಲ್ಲಿ ಹೆಸರು ಮಾಡಿದ 3,000 ಸಂಗೀತಗಾರರು ಎಂದಿಟ್ಟುಕೊಳ್ಳಿ. ಹುಟ್ಟಿದ ದಿನ, ಸತ್ತ ದಿನ ಎರಡನ್ನೂ ಬರೆದರೆ 6,000 ದಿನಾಂಕ. ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 16. ಯಾವ ದಿನ ಬೇಕಾದರೂ ತೆಗೆಯಿರಿ, ಪಟ್ಟಿ ತಯಾರು. ಅದೂ ಸಮನಾಗಿ ಹಂಚಿಹೋಗುವುದಿಲ್ಲ. ಚಿತ್ರಾನ್ನದ ಕಡಲೆಬೀಜ ನೋಡಿ. ಎಷ್ಟೇ ಚೆನ್ನಾಗಿ ಕಲಸಿದರೂ ಒಬ್ಬರ ತಟ್ಟೆಗೆ ಏಳು ಬೀಳುತ್ತವೆ, ಪಕ್ಕದವರಿಗೆ ಎರಡು. ಅಡುಗೆಯವರು ಪಕ್ಷಪಾತ ಮಾಡಿದರು ಎನ್ನುತ್ತೇವಾ? ಎಲ್ಲರ ತಟ್ಟೆಗೂ ಸರಿಯಾಗಿ ನಾಲ್ಕು ನಾಲ್ಕು ಬಿದ್ದರೆ ಆಗ ಅನುಮಾನ ಪಡಬೇಕು, ಯಾರೋ ಎಣಿಸಿ ಹಾಕಿದ್ದಾರೆ ಎಂದು.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಲಂಡನ್ ಮೇಲೆ ಜರ್ಮನಿಯ ಹಾರುವ ಬಾಂಬುಗಳು ಬೀಳುತ್ತಿದ್ದಾಗ ಜನರಿಗೆ ಇದೇ ಅನುಮಾನ ಬಂದಿತ್ತು. ಕೆಲವು ಬೀದಿಗಳನ್ನೇ ಗುರಿ ಇಡುತ್ತಿದ್ದಾರೆ ಎಂದುಕೊಂಡರು. ಆರ್. ಡಿ. ಕ್ಲಾರ್ಕ್ ಎಂಬವರು ದಕ್ಷಿಣ ಲಂಡನ್ನಿನ ನಕ್ಷೆಯನ್ನು 576 ಸಮ ಚೌಕಗಳಾಗಿ ಕತ್ತರಿಸಿ, ಬಿದ್ದ 537 ಬಾಂಬುಗಳನ್ನು ಎಣಿಸಿದರು. 229 ಚೌಕಗಳಿಗೆ ಒಂದೂ ಬಿದ್ದಿರಲಿಲ್ಲ. 35 ಚೌಕಗಳಿಗೆ ಮೂರು ಮೂರು, 7ಕ್ಕೆ ನಾಲ್ಕು ನಾಲ್ಕು. ಕಣ್ಣುಮುಚ್ಚಿ ಎಸೆದರೆ ಹೇಗೆ ಬೀಳಬೇಕೋ ಬಹುತೇಕ ಹಾಗೇ ಬಿದ್ದಿದ್ದವು.

ಇನ್ನು ಆಯ್ಕೆಯ ಮಾತು. ಡಿಸೆಂಬರ್ 8ರಂದೇ 1865ರಲ್ಲಿ ಫಿನ್ಲೆಂಡಿನ ಸಂಗೀತ ಸಂಯೋಜಕ ಸಿಬೇಲಿಯಸ್ ಹುಟ್ಟಿದರು. ಬದುಕಿದ್ದು 91 ವರ್ಷ. ಅಮೆರಿಕದ ಹಾಡುಗಾರ, ಕುಣಿತಗಾರ ಸ್ಯಾಮಿ ಡೇವಿಸ್ ಜೂನಿಯರ್ ಹುಟ್ಟಿದ್ದು 1925ರ ಇದೇ ದಿನ. ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ 1966ರಲ್ಲಿ, ರ‍್ಯಾಪ್ ಹಾಡುವ ನಿಕಿ ಮಿನಾಜ್ 1982ರಲ್ಲಿ. ಇವರ‍್ಯಾರೂ ಆ ವಾಟ್ಸಾಪ್ ಪಟ್ಟಿಯಲ್ಲಿ ಇರಲಿಲ್ಲ. ಮಾವಿನ ಮರಕ್ಕೆ ಸುಮ್ನೆ ಕಲ್ಲು ಬೀರಿ, ಯಾವ ಕಾಯಿ ಉದುರಿತೋ ಅದಕ್ಕೇ ಗುರಿ ಇಟ್ಟಿದ್ದೆ ಎನ್ನುವ ಹುಡುಗರ ಹಾಗೆ, ಕಥೆಗೆ ಹೊಂದುವವರನ್ನು ಮಾತ್ರ ಆಯ್ದುಕೊಂಡಿದ್ದರು.

ಮಾರಿಸನ್ ಸತ್ತದ್ದು 1971ರ ಜುಲೈ 3ರಂದು, ಪ್ಯಾರಿಸ್‌ನಲ್ಲಿ. ಸರಿಯಾಗಿ ಎರಡು ವರ್ಷದ ಹಿಂದೆ, 1969ರ ಜುಲೈ 3ರಂದು ರೋಲಿಂಗ್ ಸ್ಟೋನ್ಸ್‌ನ ಬ್ರಯನ್ ಜೋನ್ಸ್ ಸತ್ತಿದ್ದರು. ಇಬ್ಬರಿಗೂ 27. ಇಂಥ ಸಾವುಗಳಿಂದ "27ರ ಶಾಪ"ದ ಕಥೆ ಬೆಳೆಯಿತು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ, ಬ್ರಿಟನ್ನಿನಲ್ಲಿ ಮೊದಲ ಸ್ಥಾನದ ಆಲ್ಬಮ್ ತಂದ 1,046 ಸಂಗೀತಗಾರರನ್ನು ನೋಡಿತು. 27ರಲ್ಲಿ ಸಾವು ಹೆಚ್ಚೇನೂ ಇರಲಿಲ್ಲ, 25ರಲ್ಲೂ 32ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆದರೆ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಇವರು ಸಾಮಾನ್ಯ ಜನರಿಗಿಂತ ಜಾಸ್ತಿ ಸಾಯುತ್ತಿದ್ದರು. ನಾವು ಚಿಂತೆ ಮಾಡಬೇಕಾದದ್ದು ಇದರ ಬಗ್ಗೆ.

ಇಷ್ಟೆಲ್ಲ ತಿಳಿದಿದ್ದರೂ ನನ್ನ ಮೈ ಜುಮ್ಮೆನ್ನಿಸುವ ಒಂದು ಜೋಡಿ ನಮ್ಮಲ್ಲೇ ಇದೆ. ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29. ತೀರಿಕೊಂಡದ್ದು 2009ರ ಡಿಸೆಂಬರ್ 29. ಅವತ್ತಿಗೆ ಸರಿಯಾಗಿ 70 ತುಂಬಿತ್ತು. ಮಾರನೇ ದಿನವೇ ವಿಷ್ಣುವರ್ಧನ್ ಹೋದರು. ಆ ಎರಡು ದಿನ ಕರ್ನಾಟಕ ಹೇಗಿತ್ತು ಎಂದು ನೋಡಿದವರು ಮರೆಯಲಾರರು. ಅಶ್ವಥ್ ಅವರ ಎತ್ತರದ ದನಿಯಲ್ಲಿ ಮನೆಮನೆಗೆ ಬಂದದ್ದು ಶಿಶುನಾಳ ಶರೀಫರ ತತ್ವಪದಗಳು. ಶರೀಫರ ಕಾಲ 1819ರಿಂದ 1889. ಅವರೂ 70 ತುಂಬಿದ ದಿನ, ಹುಟ್ಟಿದ ದಿನದಂದೇ ದೇಹ ಬಿಟ್ಟರು ಎಂಬ ಮಾತು ನಮ್ಮಲ್ಲಿದೆ. ಹಾಡು ಕಟ್ಟಿದವರು, ಅದಕ್ಕೆ ದನಿ ಕೊಟ್ಟವರು, ಇಬ್ಬರೂ ಹೀಗೆ.

ಹುಟ್ಟುಹಬ್ಬದಂದೇ ಸಾಯುವ ಸಾಧ್ಯತೆ 365ಕ್ಕೆ 1. ಅಂದರೆ 1,000 ಸಂಗೀತಗಾರರಲ್ಲಿ ಸುಮಾರು ಮೂವರಿಗೆ ಹೀಗಾಗಬೇಕು. ಆದರೆ ಇದು ಪೂರ್ತಿ ಕುರುಡು ಲೆಕ್ಕವೂ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1969ರಿಂದ 2008ರವರೆಗಿನ 20 ಲಕ್ಷಕ್ಕೂ ಹೆಚ್ಚು ಸಾವುಗಳನ್ನು ಪರಿಶೀಲಿಸಿ 2012ರಲ್ಲಿ ಒಂದು ವರದಿ ಬಂತು. ಹುಟ್ಟುಹಬ್ಬದ ದಿನ ಸಾವು ಉಳಿದ ದಿನಗಳಿಗಿಂತ ಸುಮಾರು 14% ಜಾಸ್ತಿ ಇತ್ತು. ಹೃದಯಾಘಾತ, ಪಾರ್ಶ್ವವಾಯು, ಬೀಳುವುದು ಇಂಥವು ಕಾರಣ. ಹಾಗಾದರೆ 365ಕ್ಕೆ 1 ಎನ್ನುವುದು 320ಕ್ಕೆ 1 ಆಯಿತು. ವಯಸ್ಸಾದವರ ಹುಟ್ಟುಹಬ್ಬದಂದು ಅವರ ಓಡಾಟ, ಊಟ, ಉದ್ವೇಗ ಗಮನಿಸಿ ಎನ್ನುವಷ್ಟು ಬಲ ಈ ಲೆಕ್ಕಕ್ಕಿದೆ.

ಇನ್ನೊಂದು ಮಾತು. ದಿನಾಂಕವೇ ಎಷ್ಟು ಗಟ್ಟಿ? ಜಾಝ್‌ನ ಲೂಯಿ ಆರ್ಮ್‌ಸ್ಟ್ರಾಂಗ್ ತಾನು 1900ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು ಹುಟ್ಟಿದವನು ಎಂದು ಜೀವನಪೂರ್ತಿ ಹೇಳಿಕೊಂಡರು. ಅವರು ತೀರಿಕೊಂಡ ಮೇಲೆ ಚರ್ಚಿನ ದಾಖಲೆ ಸಿಕ್ಕಿತು. 1901ರ ಆಗಸ್ಟ್ 4. ನಮ್ಮಲ್ಲಿ ಹಿರಿಯರನ್ನು ಕೇಳಿ ನೋಡಿ, ಎಷ್ಟು ಜನ ಜೂನ್ 1ರಂದು ಹುಟ್ಟಿದವರು! ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದವರಿಗೆಲ್ಲ ಮೇಷ್ಟ್ರು ಶಾಲೆ ಶುರುವಾಗುವ ಹೊತ್ತಿನ ಜೂನ್ 1 ಬರೆದುಕೊಂಡರು. ನನ್ನ ಅಪ್ಪನೂ ಜೂನ್ 1. ಅಜ್ಜಿ ಹೇಳುತ್ತಿದ್ದುದು ಗೌರಿ ಹಬ್ಬದ ಹಿಂದಿನ ದಿನ ಎಂದು. ಆ ಮೇಷ್ಟ್ರ ಪೆನ್ನಿನಿಂದ ಬಂದ ತಾರೀಖು ಹಿಡಿದು ಇವತ್ತು ಯಾರೋ ಅಪ್ಪನ ಸಂಖ್ಯೆ ಕೂಡುತ್ತಾರೆ, ಹರಳು ಹೇಳುತ್ತಾರೆ.

ಹುಡುಗಿಗೆ ರಂಗೋಲಿಯ ಲೆಕ್ಕ ಹಿಡಿಸಿತು. ಕ್ಲಾಸಿನ 40 ಮಕ್ಕಳ ಹುಟ್ಟುಹಬ್ಬ ಬರೆದುಕೊಂಡು ಬಂದಳು. ಎರಡು ಜೋಡಿ ಸಿಕ್ಕಿದವು, ಎರಡರಲ್ಲೂ ಅವಳಿಲ್ಲ. ಆಮೇಲೆ ಆ ವಾಟ್ಸಾಪ್ ಪಟ್ಟಿಯನ್ನು ತನ್ನ ಗಿಟಾರ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೊಸದಾಗಿ ಬರೆದಳು. ಸಿಬೇಲಿಯಸ್, ಸ್ಯಾಮಿ ಡೇವಿಸ್, ಓಕಾನರ್ ಎಲ್ಲರೂ ಬಂದರು. ಕೆಳಗೆ ತನ್ನ ಹೆಸರನ್ನೂ ಸೇರಿಸಿದ್ದಾಳೆ. ಲೆನನ್ ಮತ್ತು ಡ್ಯಾರೆಲ್ ಹೆಸರಿನ ಮುಂದೆ 8ನ್ನು ಹೊಡೆದುಹಾಕಿ 9 ಎಂದು ತಿದ್ದಿ, ಪಕ್ಕದಲ್ಲಿ "ನಮ್ಮ ಟೈಮು" ಎಂದು ಬರೆದಿದ್ದಾಳೆ.