ಮೆಣಸಿನಕಾಯಿ ಖಾರ ಅಳೆಯೋಕೆ ನಾಲಿಗೆ ಸಾಲದೇ ಹೋದಾಗ

ಬ್ಯಾಡಗಿ ಹಾಕಿದ್ರೆ ಬಣ್ಣ, ಖಾರ ಬೇಕಂದ್ರೆ ಜೊತೆಗೆ ಗುಂಟೂರು ನಾಲ್ಕು ಹಾಕು ಅಂತ ನಮ್ಮನೆಗಳಲ್ಲಿ ಸಾರಿನಪುಡಿ ಮಾಡೋರು ಯಾರನ್ನ ಕೇಳಿದ್ರೂ ಹೇಳ್ತಾರೆ. ಬಣ್ಣ ಬೇರೆ ಖಾರ ಬೇರೆ ಅನ್ನೋದು ಅಡುಗೆಮನೆಗೆ ಯಾವತ್ತೋ ಗೊತ್ತಿತ್ತು, ಆದ್ರೆ ಒಂದೇ ಕಾಯೊಳಗಿರೋ ಇವೆರಡನ್ನ ಬಿಡಿಸಿ ಅಳೆಯೋಕೆ ವಿಜ್ಞಾನ ತುಂಬಾನೇ ಕಷ್ಟಪಟ್ಟಿದೆ.

1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿನ ಆಲ್ಕೋಹಾಲಲ್ಲಿ ನೆನೆಸಿ, ಆ ರಸಾನ ಸಕ್ಕರೆ ನೀರಲ್ಲಿ ಬೆರೆಸಿ ಜನರಿಗೆ ರುಚಿ ನೋಡಿಸ್ತಿದ್ದ, ಖಾರ ಗೊತ್ತೇ ಆಗದಷ್ಟು ತೆಳು ಮಾಡೋಕೆ ಎಷ್ಟು ಪಟ್ಟು ಬೆರೆಸ್ಬೇಕಾಯ್ತೋ ಅದೇ ಖಾರದ ನಂಬರ್, ಅವನ ಹೆಸರಲ್ಲೇ ಅದನ್ನ ಸ್ಕೋವಿಲ್ ಅಂತಾರೆ. ಆದ್ರೆ ಒಬ್ಬರ ನಾಲಿಗೆ ಇನ್ನೊಬ್ಬರ ಥರ ಇರಲ್ಲ, ನಾಲ್ಕು ಸಲ ಖಾರ ತಿಂದ್ಮೇಲೆ ಅದೇ ನಾಲಿಗೆನೂ ಮೊದಲಿನ ಥರ ಇರಲ್ಲ.

ನನಗೆ ಬೇಜಾರಾಗೋದು ಏನಂದ್ರೆ, ಇದಕ್ಕೆ ಬೇಕಾದ ವಿದ್ಯೆ ಆಗ್ಲೇ ಹುಟ್ಟಿತ್ತು. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1903ರಲ್ಲೇ ವಾರ್ಸಾದಲ್ಲಿ ಈ ಬಗ್ಗೆ ಮಾತಾಡಿದ್ದ. ಗಾಜಿನ ಕೊಳವೆಗೆ ಸೀಮೆಸುಣ್ಣದಂಥ ಪುಡಿ ತುಂಬಿ ಮೇಲಿಂದ ಎಲೆ ರಸ ಬಿಟ್ರೆ ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ನಿಲ್ತಿದ್ವು, ಯಾಕಂದ್ರೆ ಕೆಲವು ವಸ್ತು ಪುಡಿಗೆ ಗಟ್ಟಿಯಾಗಿ ಅಂಟ್ಕೊಳ್ತಾವೆ, ಕೆಲವು ದ್ರವದ ಜೊತೆ ಬೇಗ ಇಳಿದು ಹೋಗ್ತಾವೆ. 1906ರಲ್ಲಿ ಇದಕ್ಕೆ ಕ್ರೊಮಟೋಗ್ರಫಿ ಅಂತ ಹೆಸರಿಟ್ಟ. ದೊಡ್ಡ ಕೆಮಿಸ್ಟ್‌ಗಳು ನಂಬಲಿಲ್ಲ, 1919ರಲ್ಲಿ 47ನೇ ವಯಸ್ಸಿಗೇ ತೀರ್ಕೊಂಡ. 1931ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಇದಕ್ಕೆ ಮರುಜೀವ ಬಂತು, ಆಮೇಲೆ ಹಂಗೇರಿಯ ಲಾಸ್ಲೊ ಜೆಕ್‌ಮೈಸ್ಟರ್ ಪಾಪ್ರಿಕಾ ಮೆಣಸಿನಕಾಯಿಯ ಬಣ್ಣಗಳನ್ನ ಇದೇ ದಾರೀಲಿ ಬಿಡಿಸಿ ನೋಡಿದ. ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್, ಖಾರಕ್ಕೆ ಕ್ಯಾಪ್ಸೈಸಿನ್ ಮತ್ತೆ ಅದರ ಬಳಗ.

1960ರ ದಶಕದಲ್ಲಿ ಎಚ್‌ಪಿಎಲ್‌ಸಿ ಬಂತು, ಅಂದ್ರೆ ಇದೇ ಕ್ರೊಮಟೋಗ್ರಫಿನ ಪ್ರೆಷರ್ ಹಾಕಿ ಮಾಡೋ ವಿಧಾನ. ಈಗ ಒಣಮೆಣಸಿನಕಾಯಿ ಪುಡಿಯ ರಸಾನ ಸೋಸಿ, ಸಣ್ಣ ಸ್ಟೀಲ್ ಕಾಲಮ್‌ನೊಳಗೆ ಜೋರು ಪ್ರೆಷರಲ್ಲಿ ತಳ್ತಾರೆ, ಕ್ಯಾಪ್ಸೈಸಿನ್ ಒಂದು ಹೊತ್ತಿಗೆ ಹೊರಗೆ ಬಂದ್ರೆ ಅದರ ಬಳಗದ ಡೈಹೈಡ್ರೋಕ್ಯಾಪ್ಸೈಸಿನ್ ಇನ್ನೊಂದು ಹೊತ್ತಿಗೆ ಬರುತ್ತೆ, ಒಂದೊಂದಕ್ಕೂ ಸ್ಕ್ರೀನ್ ಮೇಲಿನ ಗೆರೆಯಲ್ಲಿ ಗುಡ್ಡದ ಥರ ಒಂದೊಂದು ಪೀಕ್, ವಸ್ತು ಜಾಸ್ತಿ ಇದ್ದಷ್ಟೂ ಪೀಕ್ ದೊಡ್ಡದು. ಕ್ಯಾಪ್ಸೈಸಿನ್ ಹತ್ತು ಲಕ್ಷದಲ್ಲಿ ಒಂದು ಭಾಗ ಇದ್ರೆ ಸುಮಾರು 16 ಸ್ಕೋವಿಲ್ ಅಂತ ಲೆಕ್ಕ.

ಬಣ್ಣದ ವಿಷಯದಲ್ಲಿ ಇದರ ಬೆಲೆ ಇನ್ನೂ ಜಾಸ್ತಿ ಅನ್ನಿಸುತ್ತೆ. ಸಾಮಾನ್ಯವಾಗಿ ಬಣ್ಣ ಅಳೆಯೋ ಮೆಷಿನ್, ರಸದಲ್ಲಿ ಬೆಳಕು ಎಷ್ಟು ಹೀರಿಕೊಳ್ತು ಅಂತ ಮಾತ್ರ ನೋಡುತ್ತೆ, ಎಷ್ಟು ಕೆಂಪು ಅಂತ ಹೇಳುತ್ತೆ, ಯಾವುದರ ಕೆಂಪು ಅಂತ ಹೇಳಲ್ಲ. 2003ರಲ್ಲಿ ಯುರೋಪಿನಲ್ಲಿ ಭಾರತದಿಂದ ಹೋದ ಮೆಣಸಿನಪುಡಿ ಪದಾರ್ಥಗಳಲ್ಲಿ ಸುಡಾನ್ 1 ಅನ್ನೋ ಇಂಡಸ್ಟ್ರಿಯಲ್ ಡೈ ಸಿಕ್ಕಿ ದೊಡ್ಡ ಗಲಾಟೆ ಆಯ್ತಲ್ಲ, ಅಂಥ ಕಲಬೆರಕೆ ಕಾಲಮ್‌ನಲ್ಲಿ ತನ್ನದೇ ಪೀಕಾಗಿ ಬೇರೆ ನಿಲ್ಲುತ್ತೆ, ಕ್ಯಾಪ್ಸಾಂಥಿನ್ ಹಿಂದೆ ಬಚ್ಚಿಟ್ಕೊಳ್ಳೋಕೆ ಆಗಲ್ಲ.

2011ರಲ್ಲಿ ಜಿಐ ಟ್ಯಾಗ್ ಸಿಕ್ಕ ಬ್ಯಾಡಗಿಗೆ ಬೇಡಿಕೆ ಇರೋದೇ ಈ ಬಣ್ಣದಿಂದ, ಓಲಿಯೋರೆಸಿನ್, ಅಂದ್ರೆ ಮೆಣಸಿನಕಾಯಿಯ ಬಣ್ಣ-ಖಾರದ ಗಟ್ಟಿ ಎಣ್ಣೆಯಂಥ ಸಾರ, ತೆಗೆಯೋ ಫ್ಯಾಕ್ಟರಿಗಳು ತಗೊಳ್ಳೋದೂ ಅದಕ್ಕೇ. ಗಾಳಿ, ಬೆಳಕು, ಸೆಕೆ ತಾಗಿದ್ರೆ ಕ್ಯಾಪ್ಸಾಂಥಿನ್ ಪೀಕ್ ತಿಂಗಳಿಂದ ತಿಂಗಳಿಗೆ ಕುಗ್ತಾ ಹೋಗುತ್ತೆ. ಬ್ಯಾಡಗಿ ಸುತ್ತಮುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್‌ಗಳು ಎದ್ದು ನಿಂತಿರೋದು ಇದನ್ನ ಉಳಿಸ್ಕೊಳ್ಳೋಕೇ.